ಹೆಸರಿಲ್ಲದ ಪಾನಾ



ಬೆಲೆಯ ಮಾತು ಬಂತೆಂದರೆ ನಾವು ಮಾರುವ ಮಾಲಿನ ಬೆಲೆಯ ಮಾತು ಎಂದೇ ರೂಢಿಯಾಗಿಬಿಟ್ಟಿದೆ. ಗೋವಿನಜೋಳಕ್ಕೆ ಎಷ್ಟು, ಹತ್ತಿಗೆ ಎಷ್ಟು, ಮೆಣಸಿನಕಾಯಿಗೆ ಎಷ್ಟು? 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೋವಿನಜೋಳಕ್ಕೆ ಕ್ವಿಂಟಲಿಗೆ 2400 ರೂಪಾಯಿ ಬೆಂಬಲ ಬೆಲೆ ಎಂದು ಸಾರಿತು. ಪೇಟೆಯಲ್ಲಿ ಅದು ಎಷ್ಟು ಕೆಳಗೆ ಇಳಿಯಿತು, ಲಕ್ಷ್ಮೇಶ್ವರದಲ್ಲಿ, ಹಾವೇರಿಯಲ್ಲಿ ರೈತರು ಏಕೆ ಬೀದಿಗೆ ಬಂದರು ಎಂಬುದನ್ನು ನಿಮಗೆ ನಾವು ಹೇಳಬೇಕಾಗಿಲ್ಲ. ಕೊಳ್ಳುವ ಮಾಲಿನ ಲೆಕ್ಕವನ್ನೂ ನಾವು ಇಡುತ್ತೇವೆ: ಬೀಜ, ಗೊಬ್ಬರ, ಎಣ್ಣೆ, ಡೀಸೆಲ್ಲು, ಆಳಿನ ಕೂಲಿ. ಆದರೆ ಯಾರ ಲೆಕ್ಕದ ಪುಸ್ತಕದಲ್ಲಿಯೂ ಕಾಣದ ಒಂದಿಷ್ಟು ಸಾಮಾನು ಇದೆ. ಟ್ರ್ಯಾಕ್ಟರಿನ ಸೀಟಿನ ಕೆಳಗೆ, ಪಂಪಿನ ಮನೆಯ ಗೂಟಕ್ಕೆ ನೇತುಹಾಕಿದ ಚೀಲದಲ್ಲಿ, ಬೈಕಿನ ಡಬ್ಬಿಯಲ್ಲಿ ಅದು ಬಿದ್ದಿರುತ್ತದೆ. ಪಾನಾ, ಪಕ್ಕಡ, ಸ್ಕ್ರೂ ಡ್ರೈವರು, ಟೆಸ್ಟರು. ಈ ಸಲ ಅದರ ಮಾತು.

ಇದೇನು ಸಣ್ಣ ವಿಷಯ, ಸಂಪಾದಕೀಯ ಬರೆಯುವಂಥದ್ದೇ ಎಂದು ಕೇಳುವವರು ಇದ್ದಾರೆ. ಹತ್ತಿಮತ್ತೂರಿನ ಕಡೆಯ ಯಾವ ಹೊಲಕ್ಕಾದರೂ ಹೋಗಿ ನೋಡಿ. ರಂಟೆ, ಕುಂಟೆ, ಕೂರಿಗೆಗಳ ಜಾಗದಲ್ಲಿ ಇಂದು ಬೋರಿನ ಪಂಪು, ಟ್ರ್ಯಾಕ್ಟರು, ರೋಟಾವೇಟರು, ಎಣ್ಣೆ ಹೊಡೆಯುವ ಯಂತ್ರ, ಗೋವಿನಜೋಳ ಬಿಡಿಸುವ ಯಂತ್ರ ನಿಂತಿವೆ. ಇವೆಲ್ಲ ನಿಂತಿರುವುದು ನಟ್ಟು ಬೋಲ್ಟಿನ ಮೇಲೆ. ರೈತ ಅರ್ಧ ಮೆಕ್ಯಾನಿಕ್ ಆಗದೆ ಇವತ್ತು ಒಕ್ಕಲುತನ ಸಾಗುವುದಿಲ್ಲ. ಹೆಸ್ಕಾಂ ತ್ರೀ ಫೇಸ್ ಕರೆಂಟು ಕೊಡುವುದೇ ಎಣಿಸಿದ ಏಳು ತಾಸು. ಅದೂ ಒಮ್ಮೆ ಹಗಲು, ಒಮ್ಮೆ ನಡುರಾತ್ರಿ. ಆ ಏಳು ತಾಸಿನೊಳಗೆ ಪಂಪು ಕೈಕೊಟ್ಟರೆ ಸವಣೂರಿನಿಂದ ಮೆಕ್ಯಾನಿಕ್ ಬರುವತನಕ ಬೆಳೆ ಕಾಯುತ್ತದೆಯೇ? ಕೈಯಲ್ಲಿದ್ದ ಪಾನಾದಿಂದಲೇ ಬಿಚ್ಚಬೇಕು. ಆ ಪಾನಾ ಎಂಥದ್ದು ಎನ್ನುವುದು ಆಗ ಸಣ್ಣ ವಿಷಯವಾಗಿ ಉಳಿಯುವುದಿಲ್ಲ.

ಪಂಪಿನ ಡೆಲಿವರಿ ಪೈಪಿನ ಜೋಡಣೆಯಲ್ಲಿ ತುಕ್ಕು ಹಿಡಿದ ಒಂದು ಬೋಲ್ಟು ಇದೆ ಎಂದುಕೊಳ್ಳಿ. ನಟ್ಟಿಗೆ ಆರು ಮುಖ, ಆರು ಮೂಲೆ. ಒಳ್ಳೆಯ ಪಾನಾದ ಬಾಯಿ ನಟ್ಟಿನ ಎದುರುಬದುರು ಮುಖಗಳನ್ನು ತಬ್ಬಿ ಹಿಡಿಯುತ್ತದೆ. ನೀವು ಹಾಕಿದ ಬಲ ಮುಖದ ತುಂಬ ಹರಡುತ್ತದೆ. ಕೆಟ್ಟ ಪಾನಾದ ಬಾಯಿ ಮೊದಲೇ ಒಂದು ಕೂದಲೆಳೆ ಅಗಲ. ಅದು ಮುಖವನ್ನು ಹಿಡಿಯದೆ ಮೂಲೆಯನ್ನು ಕಚ್ಚುತ್ತದೆ. ಉಕ್ಕು ಮೆತ್ತಗಿದ್ದರೆ ಬಲ ಬಿದ್ದ ಕೂಡಲೇ ಬಾಯಿ ಇನ್ನಷ್ಟು ತೆರೆದುಕೊಳ್ಳುತ್ತದೆ. ನಮ್ಮವರು "ಪಾನಾ ಬಾಯಿ ಬಿಡ್ತು ನೋಡ್ರಿ" ಅನ್ನುವುದು ಇದಕ್ಕೇ. ಆಗ ಮೂಲೆ ಸವೆದು ಆರು ಮೂಲೆಯ ನಟ್ಟು ಗುಂಡಗಾಗುತ್ತದೆ. ಗುಂಡಗಾದ ನಟ್ಟನ್ನು ಆಮೇಲೆ ಎಂಥ ಒಳ್ಳೆಯ ಪಾನಾ ತಂದರೂ ಬಿಚ್ಚಲಿಕ್ಕೆ ಬಾರದು. ಉಳಿ, ಸುತ್ತಿಗೆ, ಕೊನೆಗೆ ವೆಲ್ಡಿಂಗಿನವನು. ಉಳಿಯ ಏಟು ತಪ್ಪಿ ಬೀಡಿನ ಫ್ಲ್ಯಾಂಜು ಸೀಳಿತೆಂದರೆ ಖರ್ಚು ಎಲ್ಲಿಗೆ ಹೋಗಿ ನಿಂತೀತು, ನೀವೇ ಹೇಳಿ. ಜಾರಿದ ಪಾನಾದ ಜೊತೆಗೆ ಗಿಣ್ಣಿನ ಚರ್ಮವೂ ಸುಲಿದು ಹೋಗಿರುತ್ತದೆ. ಅದನ್ನಂತೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಅಗ್ಗದ ಪಾನಾಕ್ಕೂ ಒಳ್ಳೆಯದಕ್ಕೂ ನೂರು ರೂಪಾಯಿಯ ಅಂತರ ಎಂದು ಇಟ್ಟುಕೊಳ್ಳಿ. ಆ ನೂರು ರೂಪಾಯಿ ಉಳಿಸಿದ್ದಕ್ಕೆ ಒಂದು ಬೋಲ್ಟು, ವೆಲ್ಡಿಂಗಿನವನ ಕೂಲಿ, ಅವನನ್ನು ಕರೆತರಲು ಪೆಟ್ರೋಲು, ಒಂದು ದಿನದ ನೀರು ಹೋಯಿತು. ಮತ್ತೆ ಹೊಸ ಪಾನಾ ಕೊಳ್ಳುವುದು ತಪ್ಪಲಿಲ್ಲ. ಮತ್ತೆ ಅದೇ ಅಗ್ಗದ್ದು, ಏಕೆಂದರೆ ಕೈಯಲ್ಲಿ ಇದ್ದ ರೊಕ್ಕ ವೆಲ್ಡಿಂಗಿಗೆ ಹೋಗಿದೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಕೇಳುವ ಸಾಹುಕಾರನನ್ನು ನಾವು ಬಯ್ಯುತ್ತೇವೆ. ಈ ಪಾನಾದ ಬಡ್ಡಿ ಅವನಿಗಿಂತ ಹೆಚ್ಚು. ಆದರೆ ಅದರ ಮೇಲೆ ಬಡ್ಡಿ ಎಂದು ಬರೆದಿರುವುದಿಲ್ಲ, ಅಷ್ಟೇ ವ್ಯತ್ಯಾಸ.

ಈಗ ಅಂಗಡಿಗೆ ಬನ್ನಿ. ಪಾನಾಗಳ ಗುಡ್ಡೆ ಇರುತ್ತದೆ, ಬೆಳ್ಳಿಯಂತೆ ಹೊಳೆಯುತ್ತದೆ. ಒಂದನ್ನು ಎತ್ತಿ "ಇದು ಹೆಂಗರೀ?" ಎಂದು ಕೇಳಿ. "ಅದು ಚೈನಾ ಮಾಲು ರೀ, ಗ್ಯಾರಂಟಿ ಕೇಳಬ್ಯಾಡ್ರಿ" ಎನ್ನುತ್ತಾನೆ ಅಂಗಡಿಯವನು. ಈ ಒಂದು ಮಾತಿನಿಂದ ಎಲ್ಲರೂ ಪಾರಾದರು! ಮಾಡಿದವನು ಪಾರು, ತರಿಸಿದವನು ಪಾರು, ಮಾರಿದವನು ಪಾರು. ಸಿಕ್ಕಿಬಿದ್ದವನು ಕೊಂಡವನೊಬ್ಬನೇ. ಆ ಗುಡ್ಡೆಯಲ್ಲಿ ನಿಜವಾಗಿ ಚೈನಾದಿಂದ ಬಂದದ್ದು ಎಷ್ಟು, ನಮ್ಮದೇ ದೇಶದ ಹೆಸರಿಲ್ಲದ ಕುಲುಮೆಯಿಂದ ಬಂದದ್ದು ಎಷ್ಟು ಎಂದು ಅಂಗಡಿಯವನಿಗೂ ತಿಳಿಯದು. ಪಾನಾದ ಮೇಲೆ ಊರಿಲ್ಲ, ಹೆಸರಿಲ್ಲ. 'ಕ್ರೋಮ್ ವೆನೇಡಿಯಂ' ಎಂದು ಮಾತ್ರ ದೊಡ್ಡದಾಗಿ ಒತ್ತಿರುತ್ತದೆ. ಅಕ್ಷರ ಒತ್ತಲಿಕ್ಕೆ ವೆನೇಡಿಯಂ ಬೇಕಾಗಿಲ್ಲ, ಅಚ್ಚು ಸಾಕು. ಚೈನಾ ಎನ್ನುವುದು ನಮ್ಮ ಪೇಟೆಯಲ್ಲಿ ಒಂದು ದೇಶದ ಹೆಸರಾಗಿ ಉಳಿದಿಲ್ಲ. 'ಯಾರೂ ಜವಾಬ್ದಾರರಲ್ಲ' ಎಂಬುದಕ್ಕೆ ಇಟ್ಟ ಅಡ್ಡಹೆಸರಾಗಿದೆ.

ದೇಶಪ್ರೇಮಿಗಳು ಇಲ್ಲಿ ಎದ್ದುನಿಂತು, ಚೈನಾದ್ದನ್ನು ಕೊಳ್ಳಬೇಡಿ, ಸ್ವದೇಶಿ ಕೊಳ್ಳಿ, ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಈ ಮಾತನ್ನು ನಾವು ಅರ್ಧ ಮಾತ್ರ ಒಪ್ಪುತ್ತೇವೆ. ದೇಶದ ಹೆಸರೊಂದೇ ಉಕ್ಕಿಗೆ ಹದ ಕೊಡುವುದಿಲ್ಲ. ಹಿಂದೆ ಏನಾಯಿತು ಕೇಳಿ. ಇಂಗ್ಲೆಂಡಿನ ಶೆಫೀಲ್ಡು ಚಾಕು, ಕತ್ತರಿ, ಅರಗಳಿಗೆ ಹೆಸರಾದ ಊರು. ಜರ್ಮನಿಯಿಂದ ಅಗ್ಗದ ಮಾಲು ಬಂದು ತಮ್ಮ ಊರಿನ ಹೆಸರನ್ನೇ ಕದ್ದು ಒತ್ತುತ್ತಿದೆ ಎಂದು ಅಲ್ಲಿಯವರು ಗೋಳಿಟ್ಟರು. 1887ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆ ಮಾಡಿ, ಹೊರಗಿನ ಮಾಲಿನ ಮೇಲೆ ಮಾಡಿದ ದೇಶದ ಹೆಸರು ಇರಲಿ ಎಂದಿತು. 'ಜರ್ಮನಿಯಲ್ಲಿ ತಯಾರಾದದ್ದು' ಎಂಬ ಮುದ್ರೆ ಹುಟ್ಟಿದ್ದು ಹೀಗೆ. ಜನ ಅದನ್ನು ನೋಡಿ ದೂರ ಇರಲಿ ಎಂಬುದು ಉದ್ದೇಶ. ಆದರೆ ಹೆಸರು ಹೇಳಲೇಬೇಕಾಗಿ ಬಂದ ಮೇಲೆ ಜರ್ಮನಿಯವರು ಮಾಲು ಸುಧಾರಿಸಿದರು. ಸ್ವಲ್ಪ ವರ್ಷಗಳಲ್ಲಿ ಅದೇ ಮುದ್ರೆಯನ್ನು ಹುಡುಕಿ ಕೊಳ್ಳುವ ಕಾಲ ಬಂತು. ಜಪಾನಿನ ಮಾಲು ಎಂದರೆ ಒಂದು ಕಾಲಕ್ಕೆ ಆಟಿಗೆ ಸಾಮಾನು ಎಂಬ ತಾತ್ಸಾರವಿತ್ತು. ಇಂದು ಯಾವ ಮೆಕ್ಯಾನಿಕ್ ಹಾಗೆ ಹೇಳುತ್ತಾನೆ? ತೈವಾನಿನದೂ ಇದೇ ಕಥೆ. ಚೈನಾದಲ್ಲಿಯೂ ಒಳ್ಳೆಯ ಕಾರ್ಖಾನೆಗಳಿವೆ. ಕೇಳಿದ ಬೆಲೆಗೆ ತಕ್ಕ ಮಾಲು ಮಾಡುತ್ತಾರೆ. ನಮ್ಮ ಆಮದುದಾರ ಕೇಳುವುದೇ ಎಲ್ಲಕ್ಕಿಂತ ಅಗ್ಗದ್ದನ್ನು.

ರೈತರಿಗೆ ಹತ್ತಿರವಾದ ಇನ್ನೊಂದು ಸಂಗತಿ. ನಮ್ಮ ಮೆಕ್ಯಾನಿಕ್‌ಗಳು ವೈಸ್ ಗ್ರಿಪ್ ಎಂದು ಕರೆಯುವ, ಹಿಡಿದರೆ ಬೀಗ ಹಾಕಿದಂತೆ ಕಚ್ಚಿಕೊಳ್ಳುವ ಪಕ್ಕಡ ಇದೆಯಲ್ಲ, ಅದನ್ನು ಕಂಡುಹಿಡಿದವನು ದೊಡ್ಡ ಎಂಜಿನಿಯರ್ ಅಲ್ಲ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಡೆವಿಟ್ ಎಂಬ ಹಳ್ಳಿಯ ಕಮ್ಮಾರ ವಿಲಿಯಂ ಪೀಟರ್ಸನ್. 1920ರ ದಶಕದಲ್ಲಿ ಪೇಟೆಂಟ್ ಪಡೆದು, ಸುತ್ತಲಿನ ರೈತರಿಗೂ ಗ್ಯಾರೇಜಿನವರಿಗೂ ಮಾರುತ್ತ ಬೆಳೆದ. ಆ ಹಳ್ಳಿಗೆ ಹಳ್ಳಿಯೇ ಆ ಕಾರ್ಖಾನೆಯಿಂದ ಬದುಕಿತು. 2008ರಲ್ಲಿ ಕಂಪನಿಯ ಅಂದಿನ ಮಾಲೀಕರು ಕಾರ್ಖಾನೆ ಮುಚ್ಚಿ ಕೆಲಸವನ್ನು ಚೈನಾಕ್ಕೆ ಒಯ್ದರು. ತಯಾರಿಕೆ ಸಾಗರ ದಾಟಿತು, ಹೆಸರು ಹಾಗೆಯೇ ಉಳಿಯಿತು. ಅಮೆರಿಕದಂಥ ದೇಶದ ಹಳ್ಳಿಯ ಗತಿಯೇ ಹೀಗಾದರೆ, ದೇಶದ ಹೆಸರು ನೋಡಿ ಮಾತ್ರ ಮಾಲು ಕೊಳ್ಳುವುದು ಎಷ್ಟು ದಿನ ನಡೆದೀತು?

ನಮ್ಮ ದೇಶದ್ದು ಕೇಳಿ. ಪಂಜಾಬಿನ ಜಲಂಧರ, ಲುಧಿಯಾನಾಗಳು ಕೈ ಉಪಕರಣಗಳ ತವರು. ಜಲಂಧರದಲ್ಲಿ ಕೇಂದ್ರ ಸರ್ಕಾರದ ಕೈ ಉಪಕರಣ ಸಂಸ್ಥೆಯೇ ಇದೆ. 1983ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಆರಂಭವಾದದ್ದು. ರಾಜಸ್ಥಾನದ ನಾಗೌರಿನಲ್ಲಿ ಮನೆಮನೆಯ ಕುಲುಮೆಗಳಿವೆ. ನಮಗೆ ಹತ್ತಿರದ ನಾಸಿಕದಲ್ಲಿ ಟಪಾರಿಯಾ ಕಂಪನಿ ಸ್ವೀಡನ್ನಿನವರ ಸಹಯೋಗದಿಂದ 1960ರ ದಶಕದಲ್ಲಿ ಶುರುವಾಯಿತು. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಇವತ್ತಿಗೂ 'ಟಪಾರಿಯಾ ಕೊಡ್ರಿ' ಎಂದರೆ ಪಕ್ಕಡ ಎಂದೇ ಅರ್ಥ. ಅಂದರೆ ಒಳ್ಳೆಯದನ್ನು ಮಾಡಲು ನಮ್ಮವರಿಗೆ ಬಾರದು ಎಂದಲ್ಲ. ಜಲಂಧರದ ಪಾನಾಗಳು ಅಮೆರಿಕಕ್ಕೂ ಯುರೋಪಿಗೂ ಹೋಗುತ್ತವೆ. ಜರ್ಮನಿಯ ಕೊಳ್ಳುವವನು ಅಳತೆಪಟ್ಟಿ ಹಿಡಿದು ಕೂತಿರುತ್ತಾನೆ. ಗಡಸುತನ ಇಷ್ಟು, ಬಾಯಿಯ ಅಗಲ ಇಷ್ಟು, ತಪ್ಪಿದರೆ ಮಾಲು ವಾಪಸು. ಹತ್ತಿಮತ್ತೂರಿನ ಕೊಳ್ಳುವವನ ಕೈಯಲ್ಲಿ ಅಳತೆಪಟ್ಟಿ ಇಲ್ಲ, ವಾಪಸು ಕೊಡುವ ವಿಳಾಸವೂ ಇಲ್ಲ. ಒಂದೇ ದೇಶದಲ್ಲಿ ಎರಡು ಬಗೆಯ ಪಾನಾ ತಯಾರಾಗುವುದು ಇದರಿಂದ.

2025ರ ಏಪ್ರಿಲಿನಲ್ಲಿ ನೀತಿ ಆಯೋಗ ಈ ಉದ್ಯಮದ ಬಗ್ಗೆ ಒಂದು ವರದಿ ಹೊರಡಿಸಿತು. ಜಗತ್ತಿನ ಕೈ ಉಪಕರಣಗಳ ರಫ್ತಿನಲ್ಲಿ ಚೈನಾದ ಪಾಲು ಸುಮಾರು ಅರ್ಧ. ನಮ್ಮದು ನೂರಕ್ಕೆ ಎರಡೂ ಇಲ್ಲ, 1.8 ಎನ್ನುತ್ತದೆ ಅದು. ಚೈನಾಕ್ಕಿಂತ ನಮ್ಮ ತಯಾರಕನಿಗೆ ಶೇಕಡಾ 14ರಿಂದ 17ರಷ್ಟು ಹೆಚ್ಚು ಖರ್ಚು ಬೀಳುತ್ತದಂತೆ. ಕಾರಣಗಳಲ್ಲಿ ಉಕ್ಕಿನ ದುಬಾರಿ ಬೆಲೆ, ಬ್ಯಾಂಕಿನ ಬಡ್ಡಿ, ಸಾಗಾಟದ ವೆಚ್ಚ ಸೇರಿವೆ. ಓದುವಾಗ ನಮಗೆ ನಗು ಬಂತು. ಇದು ಯಾವ ರೈತನ ಕಥೆ ಅಲ್ಲ? ಒಳಸುರಿ ದುಬಾರಿ, ಸಾಲ ದುಬಾರಿ, ಸಾಗಾಟ ದುಬಾರಿ, ಮಾಲು ಮಾತ್ರ ಅಗ್ಗ. ಕುಲುಮೆಯವನು ಆ ಅಂತರವನ್ನು ಎಲ್ಲಿ ತುಂಬಿಕೊಳ್ಳಬೇಕು? ಉಕ್ಕಿನಲ್ಲಿ ಕದಿಯುತ್ತಾನೆ, ಹದ ಕೊಡುವುದರಲ್ಲಿ ಕದಿಯುತ್ತಾನೆ. ಕದಿಯಬಾರದು, ನಿಜ. ಆದರೆ ಕದಿಯದೆ ಬದುಕಲು ದಾರಿ ಯಾರು ಬಿಟ್ಟಿದ್ದಾರೆ?

ಹದ ಎಂದರೇನು ಎಂದು ಹತ್ತಿಮತ್ತೂರಿನ ಹಿರಿಯರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಕಮ್ಮಾರ ಕುಡಗೋಲಿಗೆ 'ನೀರು ಕುಡಿಸುವುದನ್ನು' ಅವರು ಕಣ್ಣಾರೆ ಕಂಡವರು. ಕೆಂಪಗೆ ಕಾಸಿ ನೀರಿಗೆ ಅದ್ದಿದರೆ ಉಕ್ಕು ಗಡಸಾಗುತ್ತದೆ, ಆದರೆ ಗಾಜಿನಂತೆ ಒಡೆಯುತ್ತದೆ. ಅದಕ್ಕೇ ಮತ್ತೆ ಸಣ್ಣ ಕಾವಿನಲ್ಲಿ ಹದವಾಗಿ ಕಾಸಬೇಕು. ಗಡಸು ಸ್ವಲ್ಪ ಇಳಿದು ಬಾಗುವ ಗುಣ ಬರುತ್ತದೆ. ಪಾನಾಕ್ಕೂ ಇದೇ ವಿದ್ಯೆ. ಕಾರ್ಖಾನೆಯಲ್ಲಿ ಎಣ್ಣೆಗೆ ಅದ್ದುತ್ತಾರೆ, ಕಾವನ್ನು ಯಂತ್ರದಿಂದ ಅಳೆಯುತ್ತಾರೆ. ಈ ಎರಡನೆಯ ಕಾವಿಗೆ ಸಮಯ ಬೇಕು, ಉರುವಲು ಬೇಕು. ಅದನ್ನು ಬಿಟ್ಟರೆ ಪಾನಾ ಪಟ್ಟನೆ ಮುರಿಯುತ್ತದೆ. ಮೊದಲನೆಯದನ್ನೂ ಬಿಟ್ಟರೆ ಬಾಯಿ ಬಿಡುತ್ತದೆ. ಮೇಲೆ ನಿಕ್ಕಲ್ಲು ಕ್ರೋಮಿನ ಹೊಳಪು ಬಳಿದರೆ ಎರಡೂ ಕಾಣುವುದಿಲ್ಲ.

ಹಳೆಯ ಕಮ್ಮಾರನ ವಿಷಯ ಬಂತಲ್ಲ, ಒಂದು ಮಾತು. ಅವನು ಲಾರಿಯ ಹಳೆಯ ಪಾಟಾ ತಂದು ಕುರ್ಚಿಗೆ, ಕುಡಗೋಲು ಮಾಡಿಕೊಡುತ್ತಿದ್ದ. ಸುಗ್ಗಿಯಲ್ಲಿ ಆಯ ಎಂದು ಕಾಳು ಒಯ್ಯುತ್ತಿದ್ದ. ಅವನ ಮಾಲಿನ ಮೇಲೂ ಹೆಸರು ಇರಲಿಲ್ಲ. ಬೇಕಾಗಿರಲಿಲ್ಲ. ಕುಡಗೋಲು ಮುರಿದರೆ ಸಂಜೆ ಅವನ ಮನೆಯ ಕಟ್ಟೆಗೆ ಹೋಗಿ ಕೂತರೆ ಸಾಕಿತ್ತು. ಆಯದ ಪದ್ಧತಿಯಲ್ಲಿ ಅವನಿಗೆ ಎಷ್ಟು ಅನ್ಯಾಯವಾಗುತ್ತಿತ್ತು ಎಂಬುದು ಬೇರೆ ಮಾತು, ಅದನ್ನು ಹೊಗಳಲು ನಾವು ಹೊರಟಿಲ್ಲ. ಆದರೆ ಮಾಡಿದವನ ಮುಖ ಕೊಂಡವನಿಗೆ ಗೊತ್ತಿತ್ತು. ಮುಖ ಹೋದ ಮೇಲೆ ಅದರ ಜಾಗಕ್ಕೆ ಹೆಸರು, ವಿಳಾಸ ಬರಬೇಕಿತ್ತು. ಬರಲಿಲ್ಲ.

ನಮ್ಮ ನಾಡಿನಲ್ಲಿ ಅದು ಬಂದ ಕಾಲವೂ ಇತ್ತು. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂದೆ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ಮುಟ್ಟಲಿಲ್ಲವಂತೆ. ಆಮೇಲೆ ಕೊಂಡರು. ಏಕೆ? ಮಾಡಿದವನ ಹೆಸರು ನೇಗಿಲಿನ ಮೇಲಿತ್ತು, ಬಿಡಿಭಾಗ ಸಿಗುತ್ತಿತ್ತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಬಂತು, ಲೇತು ಮಾಡಿತು. ಈಗ ಅದು ಇಲ್ಲ. ಭದ್ರಾವತಿಯಲ್ಲಿ ಮಿಶ್ರಲೋಹದ ಉಕ್ಕು ಮಾಡುವ ಕಾರ್ಖಾನೆ ಇದೆ. 2023ರ ಜನವರಿಯಲ್ಲಿ ಅದನ್ನು ಮುಚ್ಚುತ್ತೇವೆಂದು ಸೇಲ್ ಹೇಳಿತು, ಕಾರ್ಮಿಕರು ಹೋರಾಡಿದರು, ಅದೇ ವರ್ಷ ಬಾರ್ ಮಿಲ್ಲು ಮತ್ತೆ ತಿರುಗಿತು. ಪೂರ್ತಿ ಉಳಿಯಿತು ಎನ್ನುವ ಧೈರ್ಯ ಯಾರಿಗೂ ಇಲ್ಲ. ಬೆಳಗಾವಿಯಲ್ಲಿ ಇಷ್ಟೊಂದು ಫೌಂಡ್ರಿ, ಹುಬ್ಬಳ್ಳಿಯಲ್ಲಿ ಕೈಗಾರಿಕಾ ವಸಾಹತು, ಭದ್ರಾವತಿಯಲ್ಲಿ ಉಕ್ಕು ಇಟ್ಟುಕೊಂಡು, ಹತ್ತಿಮತ್ತೂರಿನ ರೈತ ಹದಿಮೂರರ ಪಾನಾಕ್ಕೆ ಜಲಂಧರ, ಶಾಂಘೈ ಕಡೆ ನೋಡಬೇಕೆ?

ಸರ್ಕಾರದ ಪಾತ್ರ ನೋಡಿ. ಜಿ.ಎಸ್.ಟಿ. ಪಟ್ಟಿಯಲ್ಲಿ ಕುಡಗೋಲು, ಗುದ್ದಲಿ, ಸಲಿಕೆ, ಕೊಡಲಿಗಳಿಗೆ ತೆರಿಗೆ ಇಲ್ಲ. ಅವು ಕೃಷಿಯ ಕೈ ಉಪಕರಣಗಳು. ಸಂತೋಷ. ಪಾನಾ, ಪಕ್ಕಡಕ್ಕೆ ನೂರಕ್ಕೆ ಹದಿನೆಂಟು! 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ತೆರಿಗೆಯನ್ನು ಹನ್ನೆರಡರಿಂದ ಐದಕ್ಕೆ ಇಳಿಸಿದರು. ಅದರ ಟೈರಿಗೂ ಇಳಿಸಿದರು. ಆ ಟೈರು ಬಿಚ್ಚುವ ಪಾನಾ ಹದಿನೆಂಟರಲ್ಲಿಯೇ ಕೂತಿದೆ. ಗ್ಯಾರೇಜು, ಕಾರ್ಖಾನೆ ಇದ್ದವನು ಕಟ್ಟಿದ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ವಜಾ ಮಾಡಿಕೊಳ್ಳುತ್ತಾನೆ. ರೈತನಿಗೆ ಆ ದಾರಿ ಇಲ್ಲ. ರೈತ ಇನ್ನೂ ಕುಡಗೋಲು ಹಿಡಿದೇ ಕುಳಿತಿದ್ದಾನೆ ಎಂದು ದಿಲ್ಲಿಯಲ್ಲಿ ತಿಳಿದಿದ್ದಾರೆಯೋ ಏನೋ. ಬಿಲ್ಲು ಕೊಟ್ಟು ಹೆಸರಿನ ಮಾಲು ಮಾರುವವನ ಮೇಲೆ ಈ ತೆರಿಗೆ ಪೂರ್ತಿ ಬೀಳುತ್ತದೆ. ಬಿಲ್ಲೇ ಇಲ್ಲದೆ ಗುಡ್ಡೆ ಮಾರುವವನ ಮೇಲೆ ಬೀಳುವುದೇ ಇಲ್ಲ. ಕೆಟ್ಟ ಪಾನಾಕ್ಕೆ ಸರ್ಕಾರವೇ ರಿಯಾಯಿತಿ ಕೊಟ್ಟಂತಾಯಿತು.

2001ರ ಏಪ್ರಿಲ್ 1ಕ್ಕೆ ಆಮದಿನ ಮೇಲಿದ್ದ ಪ್ರಮಾಣದ ನಿರ್ಬಂಧಗಳು ಹೋದವು. ಬಾಗಿಲು ತೆರೆದರು, ಕಾವಲುಗಾರನನ್ನು ಇಡಲಿಲ್ಲ. ಪ್ಯಾಕೆಟ್ಟಿನಲ್ಲಿ ಬಂದ ಮಾಲಿನ ಮೇಲೆ ಆಮದುದಾರನ ಹೆಸರು, ವಿಳಾಸ, ಮಾಡಿದ ದೇಶ, ಗರಿಷ್ಠ ಬೆಲೆ ಬರೆಯಬೇಕೆಂದು ಕಾನೂನು ಮಾಪನ ಶಾಸ್ತ್ರದ ನಿಯಮಗಳಿವೆ. ಆದರೆ ಪ್ಯಾಕೆಟ್ಟು ಒಡೆದು ಗುಡ್ಡೆ ಹಾಕಿದ ಮೇಲೆ ಆ ಕಾಗದ ಎಲ್ಲಿ? ಬಡವ ಕೊಳ್ಳುವುದು ಬಿಡಿಯಾಗಿ. ಕಾನೂನು ಕಾಯುವುದು ಪ್ಯಾಕೆಟ್ಟನ್ನು. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಕಮ್ಮಾರನಿದ್ದಾನೆ, ಸುತ್ತಿಗೆ ಮತ್ತು ಉಪಕರಣ ಮಾಡುವವನೂ ಇದ್ದಾನೆ. ಸಾಮಾನಿಗೆ ಹದಿನೈದು ಸಾವಿರ ರೂಪಾಯಿ ಕೊಡುತ್ತಾರೆ. ಹಳ್ಳಿಯ ಮೆಕ್ಯಾನಿಕ್ ಮಾತ್ರ ಆ ಪಟ್ಟಿಯಲ್ಲಿಲ್ಲ.

ಪಾನಾ ಕೆಟ್ಟರೆ ಬೋಲ್ಟು ಹೋಗುತ್ತದೆ. ಟೆಸ್ಟರು ಕೆಟ್ಟರೆ ಮನುಷ್ಯ ಹೋಗುತ್ತಾನೆ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಟೆಸ್ಟರಿನೊಳಗೆ ದೀಪದ ಜೊತೆ ಒಂದು ಸಣ್ಣ ರೆಸಿಸ್ಟರು ಇರುತ್ತದೆ. ಕರೆಂಟು ನಿಮ್ಮ ಬೆರಳಿನ ಮೂಲಕ ನೆಲಕ್ಕೆ ಹೋಗುವಾಗ ಅದನ್ನು ಗೊತ್ತೇ ಆಗದಷ್ಟು ಸಣ್ಣ ಪ್ರಮಾಣಕ್ಕೆ ಇಳಿಸುವುದು ಅದರ ಕೆಲಸ. ಅದು ಹಲ್ಕಾ ಇದ್ದರೆ ನಿಮ್ಮ ಮತ್ತು ಲೈನಿನ ನಡುವೆ ಏನೂ ಇಲ್ಲ. ಪಕ್ಕಡದ ಹಿಡಿಕೆಗೆ ಹಾಕಿದ ಕೆಂಪು ಪ್ಲಾಸ್ಟಿಕ್ಕು ಕೈ ಜಾರದಿರಲಿ ಎಂದು ಹಾಕಿದ್ದು. ಅದು ಕರೆಂಟು ತಡೆಯುತ್ತದೆ ಎಂದು ನಂಬಿ ಎಷ್ಟೋ ಜನ ಸ್ಟಾರ್ಟರ್ ಡಬ್ಬಿಗೆ ಕೈ ಹಾಕುತ್ತಾರೆ. ಪಂಪಿಗೆ ಬರುವುದು 415 ವೋಲ್ಟು, ಕಾಲ ಕೆಳಗೆ ಹಸಿ ಮಣ್ಣು. ಕರೆಂಟಿನ ಕೆಲಸಕ್ಕೆಂದೇ ಪರೀಕ್ಷಿಸಿ ಮಾಡಿದ ಪಕ್ಕಡದ ಹಿಡಿಕೆಯ ಮೇಲೆ ಜೋಡಿ ತ್ರಿಕೋನದ ಗುರುತೂ 1000 ವೋಲ್ಟು ಎಂಬ ಬರಹವೂ ಇರುತ್ತವೆ. ಅದು ಇದ್ದರೂ ಮೊದಲು ಫ್ಯೂಜು ಕಿತ್ತು ಕಿಸೆಯಲ್ಲಿ ಇಟ್ಟುಕೊಳ್ಳಿ.

ಹಾಗಾದರೆ ಏನು ನೋಡಿ ಕೊಳ್ಳಬೇಕು? ದೇಶ ನೋಡುವ ಮೊದಲು ಹೆಸರು ನೋಡಿ. ಉಕ್ಕಿನಲ್ಲೇ ಒತ್ತಿದ ಹೆಸರು, ಅಳತೆ ಸ್ಪಷ್ಟವಾಗಿರಬೇಕು, ಕಾಗದದ ಚೀಟಿಯಲ್ಲ. ಐ.ಎಸ್.ಐ. ಗುರುತಿದ್ದರೆ ಅದರ ಮೇಲೆ ಮಾನಕದ ಸಂಖ್ಯೆ, ಕೆಳಗೆ ಸಿ.ಎಂ./ಎಲ್. ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ತೆರೆದ ಬಾಯಿಯ ಪಾನಾಕ್ಕೆ ಐ.ಎಸ್. 2028, ರಿಂಗ್ ಪಾನಾಕ್ಕೆ 2029, ಪಕ್ಕಡಕ್ಕೆ 3650, ಸ್ಕ್ರೂ ಡ್ರೈವರಿಗೆ 844. ಲೈಸೆನ್ಸ್ ಸಂಖ್ಯೆ ಇಲ್ಲದ ಬರಿಯ ಗುರುತು ನಕಲಿ. ಮನೆಯಲ್ಲಿ ಮೊಬೈಲು ಹಿಡಿದ ಮಕ್ಕಳಿದ್ದರೆ ಬಿ.ಐ.ಎಸ್. ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿ ನೋಡಲು ಹೇಳಿ, ಅಂಗಡಿಯ ಮುಂದೆಯೇ. ಹಳೆಯ ಪಾನಾದ ಗುಣ ತಿಳಿಯಬೇಕಾದರೆ ಅರದಿಂದ ಮೂಲೆಯಲ್ಲಿ ಮೆಲ್ಲಗೆ ಉಜ್ಜಿ; ಹದ ಕೊಟ್ಟ ಉಕ್ಕಾದರೆ ಅರ ಜಾರುತ್ತದೆ ಇಲ್ಲವೆ ಕಷ್ಟಪಟ್ಟು ಕಚ್ಚುತ್ತದೆ, ಮೆತ್ತಗಿನ ಕಬ್ಬಿಣವಾದರೆ ಬೆಣ್ಣೆಯಂತೆ ಬರುತ್ತದೆ. ಹೊಳಪು ನೋಡಿ ಮೋಸ ಹೋಗಬೇಡಿ. ಒಳ್ಳೆಯ ಪಾನಾಗಳಲ್ಲಿ ಎಷ್ಟೋ ಕಪ್ಪಗೆ, ಮಂಕಾಗಿ ಇರುತ್ತವೆ.

ಇಪ್ಪತ್ತು ಪಾನಾದ ಸೆಟ್ಟು ಕೊಳ್ಳುವ ಆಸೆಯೂ ಬೇಡ. ನಮ್ಮ ಯಂತ್ರಗಳ ಬಹುಪಾಲು ಬೋಲ್ಟುಗಳಿಗೆ ಹತ್ತು, ಹದಿಮೂರು, ಹದಿನೇಳು, ಹತ್ತೊಂಬತ್ತು, ಇಪ್ಪತ್ನಾಲ್ಕು ಸಾಕು. ಈ ಐದನ್ನು ರಿಂಗ್ ಪಾನಾ ಕೊಳ್ಳಿ. ರಿಂಗು ಆರೂ ಮೂಲೆಯನ್ನು ಸುತ್ತಿ ಹಿಡಿಯುವುದರಿಂದ ನಟ್ಟು ಗುಂಡಗಾಗುವ ಭಯ ಕಡಿಮೆ. ಹಳೆಯ ಮ್ಯಾಸ್ಸಿ ಫರ್ಗ್ಯುಸನ್ ಇದ್ದವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಅದರ ಬೋಲ್ಟು ಇಂಚಿನ ಅಳತೆಯದು. ಅರ್ಧ ಇಂಚು ಎಂದರೆ 12.7 ಮಿಲಿಮೀಟರು, ಅದಕ್ಕೆ ಹದಿಮೂರು ಹಾಕಿದರೆ ಸಡಿಲ. 9/16 ಇಂಚಿನದು 14.29, ಅದಕ್ಕೆ ಹದಿನಾಲ್ಕು ಹೊಗುವುದಿಲ್ಲ, ಹದಿನೈದು ಮೂಲೆ ತಿನ್ನುತ್ತದೆ. ಮುಕ್ಕಾಲು ಇಂಚಿಗೆ ಮಾತ್ರ ಹತ್ತೊಂಬತ್ತು ಸರಿಹೊಂದುತ್ತದೆ. ಎಷ್ಟೋ ಸಲ ನಾವು ಉಕ್ಕಿಗೆ ಬಯ್ಯುವುದು ಅಳತೆಯ ತಪ್ಪಿಗಾಗಿ.

ಒಬ್ಬೊಬ್ಬರೇ ಹೋಗಿ ಕೇಳಿದರೆ ಅಂಗಡಿಯವನು ಏನು ಮಾಡಿಯಾನು? ಅವನೂ ಗಿರಾಕಿ ಕೇಳಿದ್ದನ್ನೇ ತರಿಸುವವನು. ಅವನ ಮೇಲೆ ನಮಗೆ ಸಿಟ್ಟಿಲ್ಲ. ದಾರಿ ನಮ್ಮ ಸೊಸೈಟಿಗಳಲ್ಲಿದೆ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಲಿಕ್ಕೆ. ಇಂದು ಸೊಸೈಟಿ ಗೊಬ್ಬರ ಮಾರುತ್ತದೆ, ಬೀಜ ಮಾರುತ್ತದೆ, ರೇಶನ್ನು ಕೊಡುತ್ತದೆ. ಐದು ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆಸಾಲ ಎಂದು 2023ರಲ್ಲಿ ರಾಜ್ಯ ಸರ್ಕಾರ ಹೇಳಿತು, ಅದೂ ಅಲ್ಲಿಂದಲೇ ಸಿಗಬೇಕು. ಪಾನಾ ಮಾತ್ರ ಅಲ್ಲಿ ಇಲ್ಲ. ನೂರು ಜನ ಸದಸ್ಯರು ಐದೈದು ಪಾನಾ, ಒಂದೊಂದು ಪಕ್ಕಡ, ಒಂದೊಂದು ಟೆಸ್ಟರು ಬೇಕೆಂದು ಬರೆದುಕೊಟ್ಟರೆ ಅದು ಏಳುನೂರು ನಗ. ಅಷ್ಟಕ್ಕೆ ಕಂಪನಿಯೇ ಸಗಟು ದರದಲ್ಲಿ ಬಿಲ್ಲಿನ ಸಮೇತ ಕಳಿಸುತ್ತದೆ. ಮುರಿದದ್ದನ್ನು ವಾಪಸು ಕೊಡುವ ಕರಾರನ್ನೂ ಬರೆಸಿಕೊಳ್ಳಬಹುದು. ಒಬ್ಬ ರೈತನ ಮಾತಿಗೆ ಬರೆದುಕೊಡದ ಕರಾರನ್ನು ಏಳುನೂರು ನಗದ ಆರ್ಡರಿಗೆ ಬರೆದುಕೊಡುತ್ತಾರೆ.

ಸೊಸೈಟಿಯ ಆಡಳಿತ ಮಂಡಳಿಯವರು 'ಇದು ನಮ್ಮ ವ್ಯವಹಾರದಲ್ಲಿ ಬರೋದಿಲ್ಲ' ಎನ್ನಬಹುದು. ಗೊಬ್ಬರದ ಜೊತೆಗೆ ಬೇಡದ ಸಾಮಾನನ್ನು ಗಂಟು ಹಾಕಿ ಮಾರುವಾಗ ಬಂದ ವ್ಯವಹಾರ ಇದಕ್ಕೇಕೆ ಬಾರದು ಎಂದು ಕೇಳಿ. ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಠರಾವು ಬರೆಸಿ. ಅದೇ ಕಾಗದದಲ್ಲಿ ಇನ್ನೆರಡು ಸಾಲು ಸೇರಿಸಿ: ಪಾನಾ, ಪಕ್ಕಡಕ್ಕೂ ಕುಡಗೋಲಿನಂತೆಯೇ ತೆರಿಗೆ ಬೇಡವೆಂದು ಒಂದು, ಬಿಡಿಯಾಗಿ ಮಾರುವ ಉಪಕರಣದ ಮೈಮೇಲೆಯೂ ಮಾಡಿದವನ ಹೆಸರು, ಮಾಡಿದ ದೇಶ ಒತ್ತಿರಲೇಬೇಕೆಂದು ಇನ್ನೊಂದು. ಅದರ ಒಂದು ಪ್ರತಿ ಸಂಸದರಿಗೆ, ಒಂದು ಪ್ರತಿ ಹಾವೇರಿಯ ಕಾನೂನು ಮಾಪನ ಶಾಸ್ತ್ರ ಇಲಾಖೆಗೆ. ಯಾವ ಊರಿನ ಸೊಸೈಟಿ ಮೊದಲು ತರಿಸಿತು, ಯಾವ ದರಕ್ಕೆ ಬಂತು, ಎಷ್ಟು ಮುರಿದವು, ಎಷ್ಟನ್ನು ಬದಲಿ ಕೊಟ್ಟರು ಎಂಬುದನ್ನು ನಮಗೆ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಊರಿನ ಹೆಸರಿನ ಸಮೇತ ಅಚ್ಚು ಹಾಕುತ್ತೇವೆ.